ಕಿವಿ ಕತ್ತರಿಸದ ಕುರಿ

ಇದನ್ನು ಬಾಯಿಬಿಟ್ಟು ಓದಬೇಡಿ. ಮನಸ್ಸಿನಲ್ಲೇ ಓದಿಕೊಳ್ಳಿ, ತುಟಿ ಕೂಡ ಅಲ್ಲಾಡಬಾರದು. ಪಕ್ಕದಲ್ಲಿ ಯಾರಾದರೂ ಕುಳಿತಿದ್ದರೆ ಹಾಳೆಯನ್ನು ಸ್ವಲ್ಪ ವಾರೆ ಮಾಡಿ ಹಿಡಿಯಿರಿ. ಈ ಮಾತು ಸಾರವ್ವನಿಂದ ನಿಮಗೆ ಬಂದಿತು ಎಂದು ಯಾರಿಗೂ ತಿಳಿಯಬಾರದು. ಇವತ್ತು ಬೆಳಗಿನಿಂದ ಐದು ಮನೆಗಳಲ್ಲಿ ಹೀಗೇ ಬಾಗಿಲು ಮುಂದಕ್ಕೆ ಮಾಡಿ, ಹೀಗೇ ಆಣೆ ಹಾಕಿಸಿಕೊಂಡು ಹೇಳಿ ಬಂದಿದ್ದೇನೆ. ನಿಮ್ಮದು ಆರನೆಯದು. ಆಣೆ ಹಾಕಿದಿರಾ? ಸರಿ. ಶನಿವಾರ ಮಧ್ಯಾಹ್ನವಾಯಿತು, ಸಂಜೆಗೆ ಮುಂಚೆ ಓದಿ ಮುಗಿಸಿ.

ನಿನ್ನೆ ನಾನು ನಮ್ಮ ಚರ್ಚಿನ ಲೂಕಪ್ಪ ಉಪದೇಶಿಗಳಿಗೆ ಒಂದು ಪ್ರಶ್ನೆ ಕೇಳಿದೆ.

“ಅಯ್ಯನವರೇ, ಮೋಶೆಯ ಕಾಲದಲ್ಲಿ ಒಂದು ಕುರಿ ಕೊಯ್ದರೆ ಪಾಪ ಹೋಗುತ್ತಿತ್ತಂತೆ. ಈಗ ಒಂದು ಹುಂಜ ಕೊಟ್ಟರೆ ಎಷ್ಟು ಹೋಗಬಹುದು?”

ಶುಕ್ರವಾರದ ಹೆಂಗಸರ ಕೂಟ. ಚರ್ಚಿನ ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತಿದ್ದೆವು. ನಾಳೆ ಭಾನುವಾರ ನಮ್ಮಲ್ಲಿ ಸುಗ್ಗಿ ಹಬ್ಬ. ಬೆಳೆದದ್ದರಲ್ಲಿ, ಸಾಕಿದ್ದರಲ್ಲಿ ಒಳ್ಳೆಯದನ್ನು ತಂದು ದೇವರ ಮುಂದೆ ಇಡುತ್ತೇವೆ. ಯಾರದೋ ಕುಂಬಳಕಾಯಿ, ಯಾರದೋ ಆಡು. ನನ್ನದು ಒಂದು ಕೆಂಪು ಹುಂಜ. ಅದಕ್ಕೇ ಕೇಳಿದೆ. ಹೆಂಗಸರೆಲ್ಲ ನಕ್ಕರು. ಒಬ್ಬಳು ನಗಲಿಲ್ಲ. ನನ್ನ ಬೆನ್ನ ಹಿಂದೆ ಗೋಡೆಗೆ ಒರಗಿ ಕುಳಿತಿದ್ದ ತಬಿತಾಬಾಯಿ.

ನಗದೇ ಇದ್ದವಳ ವಿಷಯ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಉಪದೇಶಿಗಳು ಯಾಕೆ ಆ ಕತೆ ಹೇಳಿದರು ಎಂದು ನಿಮಗೆ ತಿಳಿಯುವುದಿಲ್ಲ.

ತಬಿತಾಬಾಯಿ ನನ್ನ ಪಕ್ಕದ ಮನೆಯವಳು. ಗಂಡ ತೀರಿಕೊಂಡ ಮೇಲೆ ಶಾಲೆಯ ಮಕ್ಕಳ ಅಂಗಿ ಹೊಲಿದು ಮಗಳನ್ನು ಓದಿಸಿದಳು. ಮಗಳು ಕೃಪಾ. ನೋಡಲು ಲಕ್ಷಣ, ಮಾತು ಕಡಿಮೆ. ಮಾತು ಕಡಿಮೆಯಿರುವವರ ಮೇಲೆ ನನಗೆ ಮೊದಲಿನಿಂದ ಅನುಮಾನ. ಹೊಳೆಯಾಚೆಯ ಊರಿನ ಹುಡುಗನ ಜೊತೆ ಮದುವೆ ಗೊತ್ತಾಯಿತು. ನಮ್ಮ ಚರ್ಚಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಹುಡುಗ ಹುಡುಗಿಯ ಹೆಸರು ಓದುತ್ತಾರೆ. ತಕರಾರು ಇದ್ದವರು ಹೇಳಲಿ ಎಂದು ಸಭೆಯನ್ನು ಕೇಳುತ್ತಾರೆ. ಮೂರು ಸಲ ಓದಿ ಮುಗಿಯದೆ ತಾಳಿ ಕಟ್ಟುವಂತಿಲ್ಲ.

ಮೊದಲನೆಯ ಸಲ ಓದಿದ ವಾರವೇ ನಾನು ಕಣ್ಣು ತೋರಿಸಲು ಜಿಲ್ಲಾ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿ ಹೆರಿಗೆ ಡಾಕ್ಟರ ಬಾಗಿಲ ಮುಂದಿನ ಬೆಂಚಿನ ಮೇಲೆ ಯಾರು ಕುಳಿತಿದ್ದರು ಅಂದುಕೊಂಡಿರಿ? ಕೃಪಾ. ತಲೆಯ ಮೇಲೆ ಸೆರಗು, ಕೈಯಲ್ಲಿ ಫೈಲು, ಅತ್ತು ಕೆಂಪಾದ ಕಣ್ಣು. ನನ್ನನ್ನು ನೋಡಿ ಮುಖ ತಿರುಗಿಸಿದಳು.

ನಾನು ಊರಿಗೆ ಬಂದು ಏನೂ ಹೇಳಲಿಲ್ಲ. ಬರೀ ಕೇಳಿದೆ. “ಮದುವೆಗೆ ಮುಂಚೆ ಹುಡುಗಿಗೆ ಆ ಬಾಗಿಲಲ್ಲಿ ಏನು ಕೆಲಸ?” ಇಷ್ಟೇ. ಪ್ರಶ್ನೆ ಕೇಳುವುದು ಪಾಪವಾಗಿದ್ದರೆ ಶಾಲೆಗಳನ್ನೆಲ್ಲ ಮುಚ್ಚಬೇಕಾದೀತು. ಐದು ಮನೆಗಳಲ್ಲಿ ಕೇಳಿದೆ. ಪ್ರತಿ ಮನೆಯಲ್ಲೂ ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡೆ. ಐದನೆಯದು ಮುಕ್ತಾಬಾಯಿಯ ಮನೆ. ಅವಳ ನಾದಿನಿಯನ್ನು ಕೊಟ್ಟಿರುವುದು ಹೊಳೆಯಾಚೆಯ ಊರಿಗೇ. ಎರಡನೆಯ ಸಲ ಹೆಸರು ಓದಿದ ಮಾರನೆಯ ದಿನ ಹುಡುಗನ ಕಡೆಯಿಂದ ಪಾದ್ರಿಗಳಿಗೆ ಚೀಟಿ ಬಂತು. ಮೂರನೆಯ ಸಲ ಓದಬೇಡಿ ಎಂದು ಬರೆದಿತ್ತು. ಪಾದ್ರಿಗಳು ತಬಿತಾಬಾಯಿಯನ್ನು ಕರೆಸಿ ಹೇಳಿದರಂತೆ: “ಶನಿವಾರ ಸಂಜೆಯವರೆಗೆ ಕಾಯುತ್ತೇನೆ. ಅಷ್ಟರಲ್ಲಿ ಅವರು ಮನಸ್ಸು ಬದಲಿಸದಿದ್ದರೆ ನಾನು ಓದುವುದಿಲ್ಲ.” ನಮ್ಮಲ್ಲಿ ಎರಡು ಸಲ ಓದಿ ನಿಂತ ಹೆಸರನ್ನು ಮತ್ತೆ ಯಾರೂ ಕೇಳಿಕೊಂಡು ಬರುವುದಿಲ್ಲ.

ಮೊನ್ನೆ ಗುರುವಾರ ಔಷಧಿ ಅಂಗಡಿಯವನು ನನ್ನನ್ನು ಕರೆದು ಒಂದು ಪೊಟ್ಟಣ ಕೊಟ್ಟ. “ನಿಮ್ಮ ಪಕ್ಕದ ಮನೆಯವರದು ಅಜ್ಜಿ, ಕೊಟ್ಟುಬಿಡಿ. ಆಪರೇಷನ್ ಬೇಗ ಮಾಡಿಸಿಕೊಳ್ಳಿ ಅಂತ ನಾನೂ ಹೇಳಿದೆ. ಮಗಳ ಮದುವೆ ಮುಗಿಯಲಿ ಅಂತಾರೆ. ಮದುವೆ ಮುಗಿಯುವವರೆಗೆ ಗರ್ಭಕೋಶದ ಗಡ್ಡೆ ಕಾಯುತ್ತದೆಯೇ?” ಎಂದ. ಆ ಅಂಗಡಿಯವನ ಬಾಯಿ ನನಗಿಂತ ಸಡಿಲ. ನಾನು ಮೂರನೆಯ ತರಗತಿಯವರೆಗೆ ಓದಿದವಳು. ದಾರಿಯಲ್ಲಿ ನಿಂತು ಚೀಟಿಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದೆ. ತಬಿತಾಬಾಯಿ, ವಯಸ್ಸು ಐವತ್ತೆರಡು.

ಬೆಂಚಿನ ಮೇಲಿದ್ದವಳು ಮಗಳು. ಬಾಗಿಲ ಒಳಗಿದ್ದವಳು ತಾಯಿ.

ನಮ್ಮ ಎರಡು ಮನೆಗಳ ನಡುವೆ ಮೊಳಕಾಲೆತ್ತರದ ಗೋಡೆ. ಪೊಟ್ಟಣವನ್ನು ಅದರ ಮೇಲಿಟ್ಟು ಒಳಗೆ ಬಂದೆ. ತಬಿತಾಬಾಯಿ ಬಂದು ಎತ್ತಿಕೊಂಡದ್ದನ್ನು ಕಿಟಕಿಯಿಂದ ನೋಡಿದೆ. ನಾನು ನೋಡುತ್ತಿರುವುದನ್ನು ಅವಳೂ ನೋಡಿದಳು. ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಹಿತ್ತಲಿನಲ್ಲಿ ಹುಂಜ ಕೂಗಿತು. ದೇವರಿಗೆ ಒಂದು ದೊಡ್ಡ ಕಾಣಿಕೆ ಕೊಟ್ಟು ಇದನ್ನು ಮುಗಿಸಿಬಿಡೋಣ, ಗೋಡೆಯಾಚೆ ಯಾಕೆ ಒಯ್ಯಬೇಕು ಎಂದುಕೊಂಡೆ.

ಆ ಪ್ರಶ್ನೆ ಅಲ್ಲಿಂದ ಬಂದದ್ದು.

ಲೂಕಪ್ಪ ಉಪದೇಶಿಗಳು ನಗಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ. ಹೌದು, ಇಲ್ಲ ಎಂಬ ಎರಡು ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಯೇ ಇಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. ಹಾಗೆ ಒರೆಸಿದರೆ ಕತೆ ಬರುತ್ತದೆ. ಅವರು ಹೇಳಿದಂತೆಯೇ ಹೇಳುತ್ತೇನೆ, ನನ್ನದು ಒಂದು ಮಾತೂ ಸೇರಿಸುವುದಿಲ್ಲ. ನಾನು ಸೇರಿಸದೆ ಹೇಳುವ ಮೊದಲ ಸುದ್ದಿ ಇದೇ ಇರಬೇಕು.

“ಒಂದು ಊರಿನಲ್ಲಿ ಒಬ್ಬ ಕುರಿಗಾರನಿದ್ದ. ಅವನ ನೆರೆಯವನೂ ಕುರಿಗಾರ. ಇಬ್ಬರ ಹಟ್ಟಿಗಳ ನಡುವೆ ಒಂದೇ ಗೋಡೆ. ಮರಿ ಹುಟ್ಟಿದ ಎಂಟನೆಯ ದಿನ ಅದರ ಕಿವಿಯಲ್ಲಿ ಗುರುತು ಕತ್ತರಿಸುವುದು ಆ ಊರಿನ ಪದ್ಧತಿ. ಕುರಿಗಾರ ಬಲಗಿವಿಯನ್ನು ಕತ್ತರಿಸುತ್ತಿದ್ದ. ನೆರೆಯವನು ಎಡಗಿವಿಯನ್ನು ಕತ್ತರಿಸುತ್ತಿದ್ದ. ಕುರಿಗಳು ಬೆರೆತರೂ ಜಗಳವಾಗುತ್ತಿರಲಿಲ್ಲ.

“ದೇವರಿಗೆಂದು ಬಿಟ್ಟ ಮರಿಯ ಕಿವಿಯನ್ನು ಮಾತ್ರ ಕತ್ತರಿಸುವಂತಿರಲಿಲ್ಲ. ಊನವಿರುವ ಪ್ರಾಣಿ ಯಜ್ಞವೇದಿಗೆ ಸಲ್ಲದು. ಹಾಗಾಗಿ ಆ ಮರಿಗೆ ಒಡೆಯನ ಗುರುತು ಇರುತ್ತಿರಲಿಲ್ಲ. ಊರಿನವರ ಮೇಲಿನ ನಂಬಿಕೆಯೇ ಅದಕ್ಕೆ ಕಾವಲು.

“ಆ ವರ್ಷ ನೆರೆಯವನು ಅಂಥ ಒಂದು ಮರಿಯನ್ನು ಬಿಟ್ಟಿದ್ದ. ಕುರಿಗಾರ ಬಿಟ್ಟಿರಲಿಲ್ಲ. ಒಂದು ದಿನ ಆ ಮರಿ ಗೋಡೆಯ ಬಿರುಕಿನಿಂದ ಕುರಿಗಾರನ ಹಟ್ಟಿಗೆ ಬಂದಿತು. ನೆರೆಯವನು ಹುಡುಕಿಕೊಂಡು ಬಂದ.

“‘ನನ್ನ ಮರಿ ಈ ಕಡೆ ಬಂದಿತೇ?’

“‘ಬಂದಿಲ್ಲ.’

“‘ದೇವರಾಣೆ?’

“‘ದೇವರಾಣೆ.’

“ಯಾಕೆ ಹಾಗೆ ಅಂದೆನೆಂದು ಕುರಿಗಾರನಿಗೇ ತಿಳಿಯಲಿಲ್ಲ. ಅವನಿಗೆ ಆ ಮರಿ ಬೇಕಾಗಿರಲಿಲ್ಲ. ಮನಸ್ಸಿಗಿಂತ ನಾಲಿಗೆ ಮುಂದೆ ಹೋಗಿತ್ತು. ಒಮ್ಮೆ ಹೋದ ನಾಲಿಗೆಯನ್ನು ಹಿಂದಕ್ಕೆ ಕರೆಯಲು ಅವನಿಗೆ ನಾಚಿಕೆಯಾಯಿತು.

“ಅಂದು ಕುರಿ ಕಾಯ್ದವಳು ನೆರೆಯವನ ಸೊಸೆ. ನೀನೇ ಅದನ್ನು ಮಾರಿಕೊಂಡೆ ಎಂದು ನೆರೆಯವನು ಅವಳನ್ನು ತವರಿಗೆ ಅಟ್ಟಿದ. ಅವಳು ಹೋಗುವಾಗ ಅತ್ತದ್ದು ಗೋಡೆಯ ಈ ಕಡೆಗೂ ಕೇಳಿಸಿತು.”

ಇಲ್ಲಿ ಉಪದೇಶಿಗಳು ನೀರು ಕುಡಿದರು. ಕುಡಿಯುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು. ನನ್ನ ಬೆನ್ನ ಹಿಂದೆ ಬಳೆಗಳ ಸದ್ದಾಯಿತು. ತಬಿತಾಬಾಯಿ ಕಾಲು ಮಡಚಿ ಕುಳಿತಳೆಂದು ತೋರುತ್ತದೆ. ತಿರುಗಿ ನೋಡುವ ಚಾಳಿ ನನ್ನದು, ನಿಮಗೆ ಗೊತ್ತಲ್ಲ. ನಿನ್ನೆ ಮಾತ್ರ ಕುತ್ತಿಗೆ ತಿರುಗಲಿಲ್ಲ.

“ಮರಿ ಬೆಳೆದು ಟಗರಾಯಿತು,” ಎಂದು ಅವರು ಮುಂದುವರಿಸಿದರು. “ಕುರಿಗಾರನಿಗೆ ಅನ್ನ ರುಚಿಸಲಿಲ್ಲ. ಸುಳ್ಳು ಆಣೆಗೆ ಪ್ರಾಯಶ್ಚಿತ್ತವಿದೆ ಎಂದು ಅವನು ಕೇಳಿದ್ದ. ಊನವಿಲ್ಲದ ಒಂದು ಟಗರನ್ನು ದೇವರಿಗೆ ಒಪ್ಪಿಸಬೇಕು. ಅವನು ತನ್ನ ಹಟ್ಟಿಗೆ ಹೋಗಿ ಹುಡುಕಿದ. ಎಲ್ಲ ಟಗರುಗಳ ಬಲಗಿವಿಯನ್ನೂ ಅವನೇ ಕತ್ತರಿಸಿದ್ದ. ಕಿವಿ ಪೂರ್ತಿಯಾಗಿದ್ದುದು ಒಂದರದ್ದೇ. ಅದರ ಕೊರಳಿಗೆ ಹಗ್ಗ ಹಾಕಿ ಹೊರಟ.

“ಯಾಜಕನು ಟಗರನ್ನು ಪರೀಕ್ಷಿಸಿದ. ಕಣ್ಣು ನೋಡಿದ, ಗೊರಸು ನೋಡಿದ, ಎರಡು ಕಿವಿಗಳನ್ನೂ ಬೆರಳಿನಲ್ಲಿ ಸವರಿದ. ಊನವಿಲ್ಲ ಎಂದ. ಕಾಣಿಕೆ ತಂದವನೇ ಅದರ ತಲೆಯ ಮೇಲೆ ಕೈಯಿಡಬೇಕು, ತನ್ನ ಕೈಯಿಂದಲೇ ಕೊಯ್ಯಬೇಕು. ಅದು ಕಟ್ಟಳೆ. ಕುರಿಗಾರ ಎಡಗೈಯನ್ನು ಅದರ ತಲೆಯ ಮೇಲಿಟ್ಟ. ಬಲಗೈಯಲ್ಲಿ ಕತ್ತಿ ತೆಗೆದುಕೊಂಡ. ಟಗರು ಅವನ ಅಂಗೈಯನ್ನು ಮೂಸಿತು. ದಿನವೂ ಅವನೇ ಅದಕ್ಕೆ ಸೊಪ್ಪು ಹಾಕಿದ್ದ.

“ಯಾಜಕ ಕೇಳಿದ: ‘ಯಾರಿಗೆ ತಪ್ಪು ಮಾಡಿದೆ?’

“‘ದೇವರಿಗೆ.’

“‘ದೇವರು ಏನು ಕಳೆದುಕೊಂಡ?’

“ಕುರಿಗಾರ ಕತ್ತಿಯನ್ನು ಕೆಳಗಿಳಿಸಿದ.

“‘ಕಳೆದುಕೊಂಡವನು ಬೇರೆ ಯಾರೋ ಇದ್ದಾನೆ,’ ಎಂದ ಯಾಜಕ. ‘ಅವನ ಬಳಿಗೆ ಯಾಕೆ ಹೋಗಲಿಲ್ಲ?’

“‘ಸ್ವಾಮಿ, ಅವನು ಪಕ್ಕದ ಮನೆಯವನು. ಅವನ ಮುಖ ನೋಡುವುದಕ್ಕಿಂತ ದೇವರ ಮುಂದೆ ನಿಲ್ಲುವುದು ಸುಲಭ ಅನ್ನಿಸಿತು.’

“ಯಾಜಕನು ಅವನ ಕೈಯಿಂದ ಕತ್ತಿಯನ್ನು ತೆಗೆದುಕೊಂಡ. ‘ಅವನದನ್ನು ಅವನಿಗೆ ಪೂರ್ತಿಯಾಗಿ ಕೊಡು. ಕಟ್ಟಳೆಯಂತೆ ಐದಕ್ಕೆ ಒಂದು ಹೆಚ್ಚಾಗಿ ಕೊಡು. ಆಮೇಲೆ ನಿನ್ನದೊಂದು ಟಗರು ತೆಗೆದುಕೊಂಡು ಬಾ.’

“‘ನನ್ನವೆಲ್ಲಕ್ಕೂ ನಾನೇ ಕಿವಿ ಕತ್ತರಿಸಿದ್ದೇನೆ ಸ್ವಾಮಿ. ಊನವಿಲ್ಲದ್ದು ಅಂತ ನನ್ನದು ಒಂದೂ ಇಲ್ಲ.’

“‘ಯಾರ ಬಳಿಯೂ ಇಲ್ಲ,’ ಎಂದ ಯಾಜಕ. ‘ಅದನ್ನು ದೇವರೇ ಒದಗಿಸುತ್ತಾನೆ. ಆ ಬಾಗಿಲಿಗೆ ಹೋಗುವುದನ್ನು ಮಾತ್ರ ನಿನಗಾಗಿ ಬೇರೆ ಯಾರೂ ಮಾಡುವುದಿಲ್ಲ.’

“ಕುರಿಗಾರ ಟಗರನ್ನು ಹಿಡಿದುಕೊಂಡು ಊರಿಗೆ ಮರಳಿದ. ಬೀದಿಯ ತಿರುವಿನಲ್ಲಿ ಟಗರಿಗೆ ತಾನು ಹುಟ್ಟಿದ ಹಟ್ಟಿಯ ವಾಸನೆ ಸಿಕ್ಕಿತು. ಅದು ಹಗ್ಗ ಜಗ್ಗಿ ಮುಂದೆ ನಡೆಯಿತು. ಕುರಿಗಾರ ಅದರ ಹಿಂದೆ ನಡೆದ. ಬಾಗಿಲು ಮುಚ್ಚಿತ್ತು. ಅವನು ತಟ್ಟಿದ. ಒಳಗೆ ಹೆಜ್ಜೆಯ ಸದ್ದಾಯಿತು. ಬಾಗಿಲು ತೆರೆಯಿತು. ನೆರೆಯವನು ಟಗರನ್ನು ನೋಡಿದ, ಅದರ ಎರಡು ಕಿವಿಗಳನ್ನು ನೋಡಿದ, ಆಮೇಲೆ ಅವನ ಮುಖ ನೋಡಿದ.”

ಉಪದೇಶಿಗಳು ಕನ್ನಡಕ ಹಾಕಿಕೊಂಡರು. ಕತೆ ಮುಗಿಯಿತು ಅನ್ನುವಂತೆ ಮಡಿಲಲ್ಲಿದ್ದ ಸತ್ಯವೇದವನ್ನು ಮುಚ್ಚಿದರು.

ನನಗೆ ತಡೆಯಲಾಗಲಿಲ್ಲ. ಅರ್ಧ ಸುದ್ದಿ ಇಟ್ಟುಕೊಂಡು ನಾನು ಯಾವತ್ತೂ ಮನೆಗೆ ಹೋದವಳಲ್ಲ.

“ಆಮೇಲೆ? ನೆರೆಯವನು ಏನಂದ ಅಯ್ಯನವರೇ?”

ಅವರು ನನ್ನನ್ನು ನೋಡಿದರು. ಅವರ ಕಣ್ಣು ನನ್ನ ಭುಜ ದಾಟಿ ಹಿಂದಿನ ಗೋಡೆಯವರೆಗೆ ಹೋಗಿ ಮತ್ತೆ ನನ್ನ ಬಳಿಗೆ ಬಂತು.

“ಕುರಿಯನ್ನು ಹೇಗೆ ಕೊಯ್ಯಬೇಕೆಂದು ಬರೆದಿದೆ, ಸಾರವ್ವ, ನೆರೆಯವನು ಏನಂದನೆಂಬುದನ್ನು ಬಾಗಿಲು ತಟ್ಟಿದವರೇ ಕೇಳಿಸಿಕೊಳ್ಳಬೇಕು.”

ನಾನು ಸುಮ್ಮನಾದೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ, ಆದರೆ ಅಲ್ಲಿ ಇಪ್ಪತ್ತು ಜನ ಸಾಕ್ಷಿ ಇದ್ದಾರೆ. ಮುಕ್ತಾಬಾಯಿ ನನಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿ ನೋಡಿದಳು.

ತಬಿತಾಬಾಯಿ ಎಲ್ಲರಿಗಿಂತ ಮೊದಲು ಎದ್ದು ಹೋದಳು. ಎದ್ದೇಳುವಾಗ ಒಂದು ಕೈ ಕಿಬ್ಬೊಟ್ಟೆಯ ಮೇಲೆ ಇತ್ತು. ಅದನ್ನು ನಾನು ಇಷ್ಟು ದಿನ ನೋಡಿಯೇ ಇರಲಿಲ್ಲ. ಊರಿನ ಹೆಂಗಸರ ಹೊಟ್ಟೆಯ ಲೆಕ್ಕವೆಲ್ಲ ಇಡುವ ನಾನು.

ಮನೆಗೆ ಬಂದೆ. ಹುಂಜವನ್ನು ಹಿಡಿದೆ. ಮೊಳಕಾಲೆತ್ತರದ ಗೋಡೆ, ದಾಟಿದರೆ ಅವಳ ಹಿತ್ತಲು. ದಿನಕ್ಕೆ ಹತ್ತು ಸಲ ಅದರ ಮೇಲೆ ಬಾಗಿ ಉಪ್ಪು, ಚಟ್ನಿ, ಕಡ್ಡಿಪೆಟ್ಟಿಗೆ ಕೇಳಿದ್ದೇನೆ. ನಿನ್ನೆ ಹಾಗೆ ಹೋಗಲು ಕಾಲು ಬರಲಿಲ್ಲ. ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಮುಂಬಾಗಿಲಿನಿಂದ ಹೊರಬಿದ್ದೆ. ಬೀದಿಯಲ್ಲಿ ನಾಲ್ಕು ಜನ ನೋಡುತ್ತಿದ್ದರು. ನೋಡಲಿ, ನಾನೂ ಬಹಳ ಜನರನ್ನು ನೋಡಿದ್ದೇನೆ. ಅವಳ ಬಾಗಿಲ ಮುಂದೆ ನಿಂತೆ.

ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ತಟ್ಟಿದೆ. ಸದ್ದು ನಿಂತಿತು.

ಬಾಗಿಲು ತೆಗೆದವಳು ಕೃಪಾ. ನನ್ನನ್ನು ನೋಡಿದ ಕೂಡಲೇ ಅವಳ ಮುಖ ಬಿಗಿಯಿತು. ತಿರುಗಿ, “ಅವ್ವಾ, ಈಕಿನ್ನ ಒಳಗ ಕರೀಬ್ಯಾಡ,” ಅಂದಳು.

“ಸರಿ ನೀ,” ಎಂದು ಮಗಳನ್ನು ಪಕ್ಕಕ್ಕೆ ಸರಿಸಿ ತಬಿತಾಬಾಯಿ ಮುಂದೆ ಬಂದಳು. ಕೊರಳಲ್ಲಿ ಅಳತೆಯ ಟೇಪು ಜೋತುಬಿದ್ದಿತ್ತು. ಯಂತ್ರದ ಮೇಲೆ ಮದುವೆಯ ಬಿಳಿ ರವಿಕೆ ಅರ್ಧ ಹೊಲಿದದ್ದು ಬಿದ್ದಿತ್ತು. ಹೊಲಿಯಬೇಕೋ ಬಿಡಬೇಕೋ ತಿಳಿಯದೆ ಹೊಲಿಯುತ್ತಿದ್ದಳು.

“ಯಾಕ ಬಂದಿ, ಸಾರವ್ವ?”

ದಾರಿಯಲ್ಲಿ ಚೆನ್ನಾದ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಕಾಲ ಕೆಟ್ಟದ್ದು, ಜನ ಕೆಟ್ಟವರು, ಯಾರೋ ಏನೋ ಅಂದದ್ದು. ಒಂದೂ ಬಾಯಿಗೆ ಬರಲಿಲ್ಲ.

“ಆ ಆಸ್ಪತ್ರಿ ಮಾತು ನಾನೇ ಎಬ್ಬಿಸಿದ್ದು,” ಅಂದೆ. ಬಹಳ ಸಣ್ಣ ದನಿಯಲ್ಲಿ ಅಂದೆ. ನನ್ನ ದನಿ ಅಷ್ಟು ಸಣ್ಣಗಾಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

“ಗೊತ್ತೈತಿ.”

“ಗೊತ್ತಿತ್ತು? ಮತ್ತ ಯಾಕ ಬಂದು ಜಗಳ ಮಾಡಲಿಲ್ಲ?”

“ಜಗಳ ಮಾಡಿದ್ರ ಬ್ಯಾನಿ ನಂದು ಅಂತ ಹೇಳಬೇಕಾಗ್ತಿತ್ತು. ಹುಡುಗನ ಮನಿಯವರು ಮದುವಿ ಮುಂದಕ್ಕ ಹಾಕ್ತಾರಂತ ಬಾಯಿ ಮುಚ್ಚಿಕೊಂಡಿದ್ದೆ. ಮುಂದಕ್ಕ ಹಾಕೋದೇನು, ಮುರದೇ ಬಿಟ್ರು. ಎಷ್ಟು ಮನಿಗೆ ಹೇಳೀದಿ?”

“ಐದು.”

ಒಳಗೆ ಕೃಪಾ ಅಳಲು ಶುರುಮಾಡಿದಳು. ಅವಳ ಅಳು ನನಗೆ ಗೋಡೆಯಾಚೆಯಿಂದ ಈ ನಾಲ್ಕು ದಿನ ಕೇಳಿಸಿದೆ. ಎದುರಿಗೆ ನಿಂತು ಕೇಳುವುದು ಬೇರೆ. ನಾನು ಹುಂಜವನ್ನು ಮುಂದಕ್ಕೆ ಚಾಚಿದೆ. ಇದನ್ನಾದರೂ ತೆಗೆದುಕೋ ಅನ್ನುವ ಹಾಗೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ತಬಿತಾಬಾಯಿ ಅದನ್ನು ಬಹಳ ಹೊತ್ತು ನೋಡಿದಳು. ನನ್ನ ಮುಖಕ್ಕೆ ಎಸೆಯುತ್ತಾಳೆ ಅಂದುಕೊಂಡೆ. ಎಸೆದಿದ್ದರೆ ನನಗೂ ಹಗುರವಾಗುತ್ತಿತ್ತು. ಆದರೆ ಅವಳು ನನ್ನ ಕೈಯಿಂದ ಹುಂಜವನ್ನು ತೆಗೆದುಕೊಂಡು, ಯಂತ್ರದ ಕೆಳಗೆ ಬಿದ್ದಿದ್ದ ಬಟ್ಟೆಯ ಅಂಚನ್ನು ಎತ್ತಿ, ಅದರ ಕಾಲಿಗೆ ಒಂದು ಗಂಟು, ಯಂತ್ರದ ಕಾಲಿಗೆ ಒಂದು ಗಂಟು ಹಾಕಿದಳು. ಕಿಬ್ಬೊಟ್ಟೆ ಹಿಡಿದುಕೊಂಡು ನಿಧಾನವಾಗಿ ಎದ್ದಳು. ಆಮೇಲೆ ಹೊಸ್ತಿಲ ಮೇಲೆ ನನ್ನ ಮುಖಕ್ಕೆ ಮುಖ ಕೊಟ್ಟು ನಿಂತು ಹೇಳಿದಳು:

“ಆ ನೆರೆಮನಿಯವ ಏನಂದ ಅಂತ ಕೇಳಿದೆಲ್ಲ, ನಾ ಹೇಳ್ತೀನಿ ಕೇಳು. ಹುಂಜ ಇಲ್ಲೇ ಇರಲಿ, ಕಾಳು ನಾ ಹಾಕ್ತೀನಿ. ಐತವಾರ ಇಬ್ಬರೂ ಕೂಡಿ ಚರ್ಚಿಗೆ ಒಯ್ಯೋಣು. ಅದಕ್ಕೂ ಮೊದಲ ನೀ ಹೇಳಿದ ಐದೂ ಮನಿಗೆ ತಿರುಗಿ ಹೋಗು, ಮ್ಯಾಲ ಒಂದು ಮನಿ ಹೆಚ್ಚಿಗಿ ಹೋಗು. ನನ್ನ ಬ್ಯಾನಿ ಸುದ್ದಿನೂ ಹೇಳು, ಮುಚ್ಚಬ್ಯಾಡ. ಆದ್ರ ಸಾರವ್ವ, ಹೋದ ಮನ್ಯಾಗೆಲ್ಲ ಬಾಗಲಾ ಮುಂದ ಮಾಡಿ, ಯಾರಿಗೂ ಹೇಳಬ್ಯಾಡ್ರಿ ಅಂತ ಆಣಿ ಹಾಕಿಸ್ಕೊಂಡೇ ಹೇಳು. ಅಂದ್ರ ನಾಳೆ ಸಂಜೀ ಒಳಗ ಹೊಳಿ ದಾಟ್ತದ.”